ಗುಮಾನಿಯಕ್ಕನ ಕಪ್ಪು ಬಟ್ಟೆ

ಆ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಗುಮಾನಿಯಕ್ಕ. ಹಾಲಿನವನು ಹಾಲು ಸುರಿದರೆ ಬೆರಳದ್ದಿ ನೋಡುವಳು. ಗೋಡೆಯ ಗಡಿಯಾರ ಹತ್ತು ಹೊಡೆದರೆ ತನ್ನ ಕೈಗಡಿಯಾರ ನೋಡಿಕೊಂಡು “ಇರಬಹುದು” ಎನ್ನುವಳು. ಯಾರಾದರೂ “ಏನಕ್ಕಾ, ಇವತ್ತು ಕಳೆಕಳೆಯಾಗಿದೀರಲ್ಲ” ಅಂದರೆ “ನನ್ನಿಂದ ಏನಾಗಬೇಕಿತ್ತು?” ಎಂದು ಕೇಳುವಳು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದ್ದರೂ, ತಾನು ಮಾತು ಶುರು ಮಾಡಿದ ಕೂಡಲೇ ಗೊರಕೆ ಹೊಡೆಯುವ ಗಂಡನಿಗೆ ನಿಜವಾಗಿಯೂ ನಿದ್ದೆ ಬಂದಿರುತ್ತದೆಯೇ ಎಂಬ ವಿಷಯದಲ್ಲಿ ಆಕೆ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ.

ಈ ಗುಣ ಹುಟ್ಟಿನಿಂದ ಬಂದದ್ದೇ ಇರಬಹುದು. ಆದರೆ ಅದಕ್ಕೆ ನೀರೆರೆದವರು ಆಶ್ರಮದವರೇ. ಹನ್ನೊಂದು ವರ್ಷದ ಹಿಂದೆ, ಆಕೆ ಕೆಲಸಕ್ಕೆ ಸೇರಿದ ಮೊದಲ ವಾರ, ಮೇಲಿನ ಮಹಡಿಯ ಅಜ್ಜಿಯೊಬ್ಬರ ಹಲ್ಲಿನ ಸೆಟ್ಟು ದಿಂಬಿನ ಚೀಲದೊಳಗೆ ಸೇರಿಕೊಂಡು, ಒಗೆಯುವ ಯಂತ್ರದಲ್ಲಿ ಒಂದು ಗಂಟೆ ಗಿರಗಿರ ತಿರುಗಿ ಎರಡು ತುಂಡಾಗಿ ಹೊರಬಂತು. “ಹೊಸಬಳು ಕದ್ದಿದಾಳೆ, ಸಿಕ್ಕಿಬೀಳ್ತೀನಿ ಅಂತ ಯಂತ್ರಕ್ಕೆ ಹಾಕಿದಾಳೆ” ಎಂದು ಸುದ್ದಿಯಾಯಿತು. ಇನ್ನೊಬ್ಬರ ಬಾಯಿಯ ಹಲ್ಲು ಕದ್ದು ಮಾಡುವುದಾದರೂ ಏನು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಅಂದಿನಿಂದ ಗುಮಾನಿಯಕ್ಕ ಒಂದು ಪದ್ಧತಿ ಮಾಡಿಕೊಂಡಳು. ಒಗೆಯುವ ಕೋಣೆಯ ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ಮೇಲೆ ಹಳೆಯ ಪರದೆಯಿಂದ ಕತ್ತರಿಸಿದ ಕಪ್ಪು ಬಟ್ಟೆ. ಹದಿನಾರು ಕೋಣೆಗಳಿಂದ ಬಂದ ಮಾಸಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಹೊದಿಕೆ, ದಿಂಬಿನ ಚೀಲ, ಅಂಗಿ ಎಲ್ಲವನ್ನೂ ಆ ಕಪ್ಪು ಬಟ್ಟೆಯ ಮೇಲೆ ಕೊಡವಿ ನೋಡಿದ ಮೇಲೆಯೇ ಯಂತ್ರದ ಬಾಯಿಗೆ ಹಾಕುವುದು. ಕನ್ನಡಕದ ತಿರುಪು, ಅರ್ಧ ಬಿಸ್ಕತ್ತು, ನುಂಗಿದೆ ಎಂದು ಸುಳ್ಳು ಹೇಳಿ ಉಗುಳಿದ ಮಾತ್ರೆ, ಎಲ್ಲವೂ ಅಲ್ಲಿ ಉದುರುತ್ತಿದ್ದವು. ಉದುರಿದ್ದನ್ನು ಕಾಗದದಲ್ಲಿ ಸುತ್ತಿ, ಕೋಣೆಯ ಸಂಖ್ಯೆ ಬರೆದು, ಸಾಕ್ಷಿಗೆ ಒಬ್ಬರನ್ನು ಕರೆದುಕೊಂಡು ಹೋಗಿ ಹಿಂದಿರುಗಿಸುವಳು. ಸಾಕ್ಷಿಯಿಲ್ಲದೆ ಒಂದು ಗುಂಡುಸೂಜಿಯನ್ನೂ ಕೊಟ್ಟವಳಲ್ಲ. ಸಾಕ್ಷಿ ಸಾಮಾನ್ಯವಾಗಿ ಅಡುಗೆಯಣ್ಣ. ಒಲೆಯ ಮೇಲೆ ಏನಾದರೂ ಸೀಯುತ್ತಿದ್ದರೂ ಬರಲೇಬೇಕು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಆಶ್ರಮಕ್ಕೆ ಒಂದು ಬೇಸಿಗೆಯಲ್ಲಿ ತುರಿಕೆ ಬಂತು.

ಮೊದಲು ತುರಿಸಿಕೊಂಡವಳು ಕೆಳಗಿನ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಎತ್ತರದ ಆಯಾ. ಆಮೇಲೆ ಅವಳ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವ ಇಬ್ಬರು ಅಜ್ಜಿಯರು. ಆಮೇಲೆ ಅಡುಗೆಯಣ್ಣ. ಒಂದು ತಿಂಗಳಾಗುವಷ್ಟರಲ್ಲಿ ಊಟದ ಕೋಣೆಯಲ್ಲಿ ಚಮಚದ ಸದ್ದಿಗಿಂತ ಉಗುರಿನ ಸದ್ದೇ ಜೋರಾಯಿತು. ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಅಜ್ಜಿಯರು ಅಡುಗೆಯಣ್ಣನ ಎಣ್ಣೆಯನ್ನು ಅನುಮಾನಿಸಿದರು, ಅಡುಗೆಯಣ್ಣ ಹೊಸ ಹಾಸಿಗೆಗಳನ್ನು, ಆಯಾ ಅಂಗಳದ ಬೆಕ್ಕನ್ನು. ಬೆಕ್ಕೊಂದೇ ಯಾರನ್ನೂ ಅನುಮಾನಿಸದೆ ನಿದ್ದೆ ಮಾಡುತ್ತಿತ್ತು.

ಇಂಥ ಹೊತ್ತಿನಲ್ಲಿ ಎದ್ದು ನಿಲ್ಲಲೆಂದೇ ಆಶ್ರಮದಲ್ಲಿ ಒಂದು ಶುಚಿತ್ವ ಸಮಿತಿ ಇತ್ತು. ಅದರ ಅಧ್ಯಕ್ಷರು ಹನ್ನೊಂದನೇ ಕೋಣೆಯ ಇನ್‌ಸ್ಪೆಕ್ಟರ್ ತಾತ. ಮೂವತ್ತೆರಡು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸಿ ನಿವೃತ್ತರಾದವರು. ಅಂಗಡಿಗಳು ಕೈಬಿಟ್ಟು ಹೋದರೂ ಪರೀಕ್ಷಿಸುವ ಚಟ ಹೋಗಿರಲಿಲ್ಲ. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಕಾಲುಚೀಲ, ಬಿಳಿ ಹತ್ತಿಯ ಕೈಗವಸು. ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಕೈ ಹಿಡಿದು ತಿರುವಿ ನೋಡಿ, ತುರಿಸಿಕೊಳ್ಳುವವರ ಹೆಸರನ್ನು ‘ತುರಿಕೆ ಪಟ್ಟಿ’ಗೆ ಸೇರಿಸುವರು. ಪಟ್ಟಿಗೆ ಸೇರಿದವರಿಗೆ ಬೇರೆ ಮೇಜಿನಲ್ಲಿ ಊಟ. ಕೊನೆಗೆ ಆ ಮೇಜಿನಲ್ಲಿ ಜಾಗ ಸಾಲದೆ, ತುರಿಕೆಯಿಲ್ಲದ ಮೂವರನ್ನೇ ಬೇರೆ ಕೂರಿಸಬೇಕಾಯಿತು. ಆ ಮೂವರಲ್ಲಿ ಇನ್‌ಸ್ಪೆಕ್ಟರ್ ತಾತ ಒಬ್ಬರು.

“ನೋಡಿ, ನನ್ನ ಮೈಯಲ್ಲಿ ಒಂದು ನವೆ ಇಲ್ಲ, ಒಂದು ತುರಿಕೆ ಇಲ್ಲ. ಶಿಸ್ತು ಅಂದ್ರೆ ಇದು,” ಎಂದು ಅವರು ಊಟ ಮುಗಿಯುವ ತನಕ ಹೇಳುತ್ತಿದ್ದರು.

ತಿಂಗಳ ಮೊದಲ ದಿನ ಮ್ಯಾನೇಜರ್ ಅಂಗಳದಲ್ಲಿ ಸಭೆ ಕರೆದರು. ಈ ಮ್ಯಾನೇಜರ್ ಒಂದು ವಿಷಯವನ್ನು ಪೂರ್ತಿ ಕೇಳುವುದಕ್ಕೆ ಮುಂಚೆಯೇ ಪರಿಹಾರ ಕಂಡುಹಿಡಿಯುವವರು ಎಂದು ಹೆಸರಾಗಿದ್ದರು. ಹೆಸರು ಕೊಟ್ಟವರು ಅವರೇ.

“ಎಲ್ಲರ ಮೈಗೂ ತಾಗೋದು ಯಾವುದು? ಬಟ್ಟೆ. ಬಟ್ಟೆಗೆ ತಾಗೋದು? ಸೋಪು. ಸೋಪು ಹಾಕೋರು ಯಾರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗುಮಾನಿಯಕ್ಕನ ಕಡೆ ತಿರುಗಿದರು. “ನೋಡಮ್ಮಾ, ಈ ತಿಂಗಳ ಕೊನೆವರೆಗೆ ಟೈಮ್ ಕೊಡ್ತೀನಿ. ಅಷ್ಟರೊಳಗೆ ತುರಿಕೆ ನಿಲ್ಲಲಿಲ್ಲ ಅಂದ್ರೆ ಒಗೆಯೋ ಕೆಲಸ ಹೊರಗಿನ ಲಾಂಡ್ರಿಯವರಿಗೆ. ಅವರ ಜೊತೆ ಮಾತಾಗಿದೆ.”

“ಮಾತು ಮೊದಲು ಆಗಿತ್ತಾ, ತುರಿಕೆ ಮೊದಲು ಬಂತಾ ಸರ್?” ಎಂದಳು ಗುಮಾನಿಯಕ್ಕ.

ಮ್ಯಾನೇಜರ್ ಕೆಮ್ಮಿದರು. ಇನ್‌ಸ್ಪೆಕ್ಟರ್ ತಾತ ಕೈಗವಸಿನ ಬೆರಳೆತ್ತಿ, “ವಿಚಾರಣೆ ಎದುರಿಸೋರು ಪ್ರಶ್ನೆ ಕೇಳೋ ಹಾಗಿಲ್ಲ,” ಎಂದರು.

ಹನ್ನೊಂದು ವರ್ಷದ ಕೆಲಸ ಬಾಗಿಲ ಬಳಿ ನಿಂತು ಚಪ್ಪಲಿ ಹುಡುಕುತ್ತಿತ್ತು. ಗಂಡನಿಗೆ ಸೊಂಟ ಹಿಡಿದು ಅವನ ದುಡಿಮೆ ನಿಂತು ಎರಡು ವರ್ಷವಾಗಿತ್ತು. ಐವತ್ತು ದಾಟಿದವಳನ್ನು, ಅದೂ ತುರಿಕೆ ಹಬ್ಬಿಸಿದವಳು ಎಂಬ ಬಿರುದು ಹೊತ್ತವಳನ್ನು, ಇನ್ನಾರು ಕರೆದು ಕೆಲಸ ಕೊಡುತ್ತಾರೆ?

ಗುಮಾನಿಯಕ್ಕ ಅಳಲಿಲ್ಲ. ಆಕೆಗೆ ಅಳುವವರ ಮೇಲೂ ಅಷ್ಟೇನೂ ನಂಬಿಕೆ ಇರಲಿಲ್ಲ. ಒಗೆಯುವ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕುಳಿತು ಮೊದಲು ತನ್ನನ್ನೇ ಅನುಮಾನಿಸಿದಳು. ಸೋಪೇ ಇರಬಹುದೇ? ಸೋಪಿನ ನೀರಿನಲ್ಲಿ ದಿನವಿಡೀ ಇರುವವು ತನ್ನ ಕೈಗಳು. ರಬ್ಬರಿನ ಗವಸು ಹಾಕುವುದು ಹೌದು, ಆದರೆ ಅದು ಹರಿದು ಎಷ್ಟು ಕಾಲವಾಯಿತು! ಅಂಗೈ ನೋಡಿಕೊಂಡಳು. ಸುಕ್ಕುಗಟ್ಟಿದೆ, ತುರಿಕೆಯಿಲ್ಲ. ಆಕೆಗೂ ತುರಿಕೆ ಶುರುವಾಗಿತ್ತು, ಆದರೆ ಅದು ಮೊಣಕೈಯ ಒಳಬದಿಯಲ್ಲಿ, ಹೊಟ್ಟೆಯ ಮೇಲೆ. ಅಲ್ಲಿಗೆ ಸೋಪು ಹೋಗುವುದೇ ಇಲ್ಲ. ಅಲ್ಲಿಗೆ ತಾಗುವುದು ಮಾಸಿದ ಬಟ್ಟೆಯ ಗಂಟು. ಒಗೆದ ಬಟ್ಟೆ ಗಾಲಿಗಾಡಿಯಲ್ಲಿ ಹೋಗುತ್ತದೆ. ಒಗೆಯದ ಗಂಟನ್ನು ಮಾತ್ರ ಆಕೆ ಕೂಸಿನ ಹಾಗೆ ತಬ್ಬಿ ಎತ್ತಿ ತರುವುದು.

“ಅಂದ್ರೆ ನಾನು ಕೊಡೋದರಿಂದ ಅಲ್ಲ, ಅವರು ಕಳಿಸೋದರಿಂದ,” ಎಂದು ಯಂತ್ರಕ್ಕೆ ಹೇಳಿದಳು. ಯಂತ್ರ ಗಡಗಡ ಎಂದು ಒಪ್ಪಿತು.

ಇನ್ನು ಯಾರ ಗಂಟು ಎಂಬುದೊಂದೇ ಬಾಕಿ. ಮರುದಿನದಿಂದ ಕಪ್ಪು ಬಟ್ಟೆಯ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತಳು. ಅಜ್ಜಿಯರ ಗಂಟಿನಿಂದ ಕೂದಲು, ಪುಡಿ. ಅಡುಗೆಯಣ್ಣನ ಅಂಗಿಯಿಂದ ಹಿಟ್ಟು. ಹನ್ನೊಂದನೇ ಕೋಣೆಯ ಹೊದಿಕೆ ಕೊಡವಿದಾಗ ಮಾತ್ರ ಬಿಳಿಬೂದು ಬಣ್ಣದ ಹೊಟ್ಟು ಉದುರಿತು. ಗೋಧಿ ಹಿಟ್ಟು ಜರಡಿ ಹಿಡಿದರೆ ಉಳಿಯುತ್ತದಲ್ಲ, ಹಾಗೆ. ಈ ಹೊಟ್ಟನ್ನು ಆಕೆ ಕೆಲವು ವಾರಗಳಿಂದ ನೋಡಿದ್ದಳು. ತಾತನಿಗೆ ಒಣಚರ್ಮ ಎಂದು ಎಲ್ಲರೂ ಹೇಳುತ್ತಿದ್ದರಿಂದ ಕೊಡವಿ ಸುಮ್ಮನಾಗುತ್ತಿದ್ದಳು. ಈಗ ಅಳೆದಳು. ಮೊದಲ ದಿನ ಅರ್ಧ ಚಮಚ. ಮೂರನೇ ದಿನ ಒಂದು ಚಮಚ. ಐದನೇ ದಿನ ಕೈಗವಸನ್ನು ಒಳಹೊರಗು ಮಾಡಿ ಕೊಡವಿದರೆ ಬೆರಳಿನ ತುದಿಯಿಂದ ಹಕ್ಕಳೆಯ ಚೂರುಗಳೇ ಬಿದ್ದವು.

ಅಡುಗೆಯಣ್ಣನನ್ನು ಕರೆದು ತೋರಿಸಿದಳು.

“ತಾತಂದಾ? ಸುಮ್ನಿರಕ್ಕ,” ಎಂದ ಅವನು, ಎಡಗೈಯಿಂದ ಬಲಗೈ ಕೆರೆದುಕೊಳ್ಳುತ್ತ. “ಇಡೀ ಆಶ್ರಮದಲ್ಲಿ ತುರಿಸಿಕೊಳ್ಳದೇ ಇರೋ ಮೂವರಲ್ಲಿ ಅವರೊಬ್ಬರು ಅಲ್ವಾ.”

“ಅದೇ ನನ್ನ ಗುಮಾನಿ. ಇಷ್ಟು ಜನ ಕೆರ್ಕೋತಾ ಇರುವಾಗ, ಎಲ್ಲರ ಕೈ ಹಿಡಿದು ನೋಡೋ ಮನುಷ್ಯನಿಗೆ ಮಾತ್ರ ಯಾಕೆ ಬರಲಿಲ್ಲ?”

“ಶಿಸ್ತು ಅಂತಾರೆ.”

“ಶಿಸ್ತು ಚಮಚದ ತುಂಬ ಉದುರತ್ತೇನೋ?”

ಮುಂದಿನ ಮಂಗಳವಾರ ಡಾಕ್ಟರಮ್ಮ ಬಂದರು. ವಾರಕ್ಕೊಮ್ಮೆ ಬರುವ ಈ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು. ಒಂದು ಗಂಟೆಯಲ್ಲಿ ಮೂವತ್ತು ಜನರನ್ನು ನೋಡಬೇಕಿದ್ದರಿಂದ ನಡೆಯುವುದಕ್ಕಿಂತ ಓಡುವುದೇ ಹೆಚ್ಚು. ಗುಮಾನಿಯಕ್ಕ ಬಾಗಿಲಲ್ಲೇ ಅಡ್ಡ ನಿಂತು ಕಾಗದದ ಪೊಟ್ಟಣ ಬಿಚ್ಚಿದಳು. “ಇದೇನು ಹೇಳಿ ಡಾಕ್ಟರಮ್ಮ. ಸೋಪಾ?”

ಡಾಕ್ಟರಮ್ಮ ಪೊಟ್ಟಣವನ್ನು ನೋಡಿದರು, ಅಡ್ಡ ನಿಂತವಳನ್ನು ನೋಡಿದರು, ಓಡುವುದನ್ನು ನಿಲ್ಲಿಸಿದರು. “ನಿಮ್ಮಲ್ಲಿ ತುರಿಕೆ ಯಾರಿಗೆಲ್ಲ ಇದೆ?”

“ಯಾರಿಗಿಲ್ಲ ಅಂತ ಕೇಳಿ, ಬೇಗ ಮುಗಿಯತ್ತೆ.”

“ಯಾವಾಗ ಜಾಸ್ತಿ?”

“ಮಲಗೋಕೆ ಹೋದ ಕೂಡಲೇ ಶುರು ಅಂತಾರೆ. ಬೆರಳ ಸಂದಿ, ಮಣಿಕಟ್ಟು, ಸೊಂಟ. ಬೆನ್ನ ಮಧ್ಯ ಯಾರೂ ಕೆರ್ಕೊಳ್ಳಲ್ಲ. ಸೋಪಾಗಿದ್ರೆ ಬೆನ್ನಿಗೆ ರಜಾ ಕೊಡ್ತಿತ್ತಾ?”

ಡಾಕ್ಟರಮ್ಮ ಎತ್ತರದ ಆಯಾಳನ್ನು ಕಿಟಕಿಯ ಬೆಳಕಿಗೆ ಕರೆದು, ಅವಳ ಬೆರಳ ಸಂದಿಗೆ ಪೆನ್ನಿನ ಶಾಯಿ ಹಚ್ಚಿ, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರು. ಶಾಯಿ ಎಲ್ಲ ಹೋಯಿತು, ಒಂದು ಸಣ್ಣ ಸೊಟ್ಟ ಗೆರೆ ಮಾತ್ರ ಉಳಿಯಿತು.

“ಕಜ್ಜಿ ಹುಳ. ಚರ್ಮದೊಳಗೆ ಸುರಂಗ ಕೊರೆದಿದೆ, ಶಾಯಿ ಅದರಲ್ಲಿ ಇಳಿದಿದೆ,” ಎಂದರು. “ಈಗ ಆ ಪೊಟ್ಟಣದವರನ್ನ ತೋರಿಸಿ.”

ಇನ್‌ಸ್ಪೆಕ್ಟರ್ ತಾತ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಕೈಗವಸು ತೆಗೆಯಿರಿ ಎಂದರೆ ಮುಖ ಕೆಂಪಾಯಿತು.

“ಡಾಕ್ಟರಮ್ಮ, ನನಗೆ ತುರಿಕೆ ಇಲ್ಲ ಅಂತ ಎರಡು ಸಲ ನಿಮಗೇ ಹೇಳಿದೀನಿ. ನೀವೇ ಬರ್ಕೊಂಡಿದೀರ. ಮೂವತ್ತೆರಡು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷೆ ಮಾಡಿದವನು ನಾನು. ಈಗ ಬಟ್ಟೆ ಒಗೆಯೋಳು ನನ್ನ ಪರೀಕ್ಷೆ ಮಾಡ್ತಾಳಾ?”

“ಯಾವ ತಕ್ಕಡಿಯಾದ್ರೂ ನಿಮಗೆ ಬೇಡ ಅಂದಿತ್ತಾ ತಾತ?” ಎಂದಳು ಗುಮಾನಿಯಕ್ಕ. “ಸುಮ್ನೆ ನಿಂತ್ಕೊಳ್ತಿತ್ತು.”

ತಾತ ಒಂದು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದರು. ಅಂಗೈ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಬೆರಳ ಸಂದಿಗಳಲ್ಲಿ ದಪ್ಪ ಹಕ್ಕಳೆ. ಉಗುರುಗಳ ಕೆಳಗೆ ಸುಣ್ಣದಂಥದ್ದು ತುಂಬಿ ಉಗುರು ಮೇಲೆದ್ದಿತ್ತು. ಪಾದಗಳೂ ಹಾಗೆಯೇ. ಊರವರ ಕೈಗಳನ್ನೆಲ್ಲ ತಿರುವಿ ನೋಡುತ್ತಿದ್ದ ಮನುಷ್ಯ ತನ್ನ ಕೈಯನ್ನು ಮಾತ್ರ ಯಾರೂ ನೋಡದಂತೆ ಐದು ತಿಂಗಳು ಕಾಪಾಡಿಕೊಂಡು ಬಂದಿದ್ದರು. ಔಷಧಿ ಅಂಗಡಿಯಿಂದ ತರಿಸಿಕೊಂಡ ಮುಲಾಮಿನ ಖಾಲಿ ಟ್ಯೂಬುಗಳು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಸಾಲಾಗಿ, ಇಲಾಖೆಯ ಶಿಸ್ತಿನಲ್ಲಿ ಮಲಗಿದ್ದವು.

ಡಾಕ್ಟರಮ್ಮ ಹಕ್ಕಳೆಯನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿಕೊಂಡು ಹೋದರು. ಸಂಜೆ ತಮ್ಮ ದವಾಖಾನೆಯ ಸೂಕ್ಷ್ಮದರ್ಶಕದಲ್ಲಿ ನೋಡಿ ಅವರೇ ಹಿಂದಿರುಗಿ ಬಂದು ಬಾಗಿಲು ಹಾಕಿಕೊಂಡು ಹೇಳಿದರು. ಗುಮಾನಿಯಕ್ಕನನ್ನು ಹೊರಗೆ ಕಳಿಸಬೇಡಿ ಎಂದದ್ದು ತಾತನೇ. “ಹೇಗೂ ಕದದ ಹಿಂದೆ ನಿಂತು ಕೇಳ್ತಾಳೆ” ಎಂಬುದು ಅವರ ಕಾರಣ. ಅದು ನಿಜವೂ ಹೌದು.

“ಹುಳ, ಮೊಟ್ಟೆ ಎಲ್ಲ ತುಂಬಿದೆ. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಗೆ ಹತ್ತು ಹದಿನೈದು ಹುಳ ಇರತ್ತೆ. ಇದು ಹಕ್ಕಳೆಗಟ್ಟೋ ಜಾತಿ. ಇದರಲ್ಲಿ ಲಕ್ಷಗಟ್ಟಲೆ ಇರಬಹುದು.”

“ಲಕ್ಷ?” ತಾತನ ಬೆನ್ನು ತಾನಾಗಿ ನೆಟ್ಟಗಾಯಿತು. “ಎಣಿಸಿದ್ರಾ?”

“ಅಂದಾಜು.”

“ಅಂದಾಜು ನಮ್ಮ ಇಲಾಖೆಯಲ್ಲಿ ನಡೀತಿರಲಿಲ್ಲ.” ಆಮೇಲೆ ದನಿ ತಗ್ಗಿತು. “ಆದ್ರೆ ತುರಿಸೋದೇ ಇಲ್ವಲ್ಲ ತಾಯಿ.”

“ತುರಿಕೆ ಅಂದ್ರೆ ನಮ್ಮ ಮೈ ಹುಳದ ವಿರುದ್ಧ ಕೂಗೋದು. ನಿಮ್ಮ ವಯಸ್ಸು, ಕೀಲುನೋವಿನ ಮಾತ್ರೆ, ಮೇಲಿಂದ ಆ ಅಂಗಡಿ ಮುಲಾಮು, ಎಲ್ಲ ಸೇರಿ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗಾಗಿದೆ. ತುರಿಕೆ ಇಲ್ಲ ಅಂತ ಕೇಳಿ ನಾನೂ ಕೈಗವಸು ತೆಗೆಸಿ ನೋಡಲಿಲ್ಲ. ತಪ್ಪು ನನ್ನದೂ ಇದೆ. ಇನ್ನೊಂದು ತಿಂಗಳು ಬಿಟ್ಟಿದ್ರೆ ಆ ಬಿರುಕಲ್ಲಿ ಕೀವಾಗಿ, ರಕ್ತಕ್ಕೆ ನಂಜೇರಿ, ಕಷ್ಟ ಇತ್ತು.”

ತಾತ ಗುಮಾನಿಯಕ್ಕನ ಕಡೆ ನೋಡಿದರು. “ಹೊರಗೆ ಹೇಳ್ತೀಯಾ?”

“ಹೇಳಲ್ಲ,” ಎಂದಳು ಆಕೆ. ಹೇಳಿದ ಮೇಲೆ ತಾನು ಯಾಕೆ ಹಾಗಂದೆ ಎಂದು ತನ್ನ ಮೇಲೇ ಅನುಮಾನ ಬಂತು.

ಮುಂದಿನ ಎರಡು ದಿನದಲ್ಲಿ ಆಶ್ರಮ ತಲೆಕೆಳಗಾಯಿತು. ಒಂದೇ ದಿನ, ತುರಿಕೆ ಇದ್ದವರು ಇಲ್ಲದವರು ಎನ್ನದೆ, ಎಲ್ಲರೂ ಕುತ್ತಿಗೆಯಿಂದ ಕಾಲ ಬೆರಳವರೆಗೆ ಮುಲಾಮು ಹಚ್ಚಿಕೊಳ್ಳಬೇಕು. ವಾರದ ಮೇಲೆ ಇನ್ನೊಮ್ಮೆ. ಕೆಲಸದವರ ಮನೆಯವರಿಗೂ ಅದೇ ಶಾಸ್ತಿ. ಗುಮಾನಿಯಕ್ಕನ ಗಂಡ ಮುಲಾಮು ಹಚ್ಚಿಸಿಕೊಳ್ಳುವಾಗಲೂ ಗೊರಕೆ ಹೊಡೆದ. ಬಟ್ಟೆಗಳೆಲ್ಲ ಕುದಿಯುವಂಥ ನೀರಿಗೆ. ಒಗೆಯಲಾಗದ್ದು ಬಾಯಿ ಕಟ್ಟಿದ ಚೀಲಕ್ಕೆ. ಇನ್‌ಸ್ಪೆಕ್ಟರ್ ತಾತನಿಗೆ ಮಾತ್ರ ನುಂಗುವ ಮಾತ್ರೆ, ಹಕ್ಕಳೆ ಮೆದುವಾಗಿಸುವ ಮುಲಾಮು, ಮತ್ತೆ ಮತ್ತೆ ಪರೀಕ್ಷೆ, ಕೋಣೆ ಬಿಟ್ಟು ಹೊರಬರದಂತೆ ಕಟ್ಟಪ್ಪಣೆ. ‘ವಿಶ್ರಾಂತಿ’ ಎಂದು ಉಳಿದವರಿಗೆ ಹೇಳಲಾಯಿತು. ಡಾಕ್ಟರಮ್ಮ ಹೋಗುವಾಗ ಒಂದು ಮಾತು ಸೇರಿಸಿದ್ದರು: ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇದ್ದೇ ಇರುತ್ತದೆ, ಗಾಬರಿಯಾಗಬೇಡಿ.

ತಿಂಗಳ ಕೊನೆಯ ದಿನ ಮತ್ತೆ ಅಂಗಳದಲ್ಲಿ ಸಭೆ. ಮೊದಲಿಗಿಂತ ಕಡಿಮೆಯಾದರೂ ಅಲ್ಲಲ್ಲಿ ಉಗುರಿನ ಸದ್ದು ಇತ್ತು. ಮ್ಯಾನೇಜರ್ ಅದನ್ನು ಕಿವಿಗೊಟ್ಟು ಕೇಳಿದರು, ಬಯಸಿದ ಹಾಡು ಕೇಳುವವರ ಹಾಗೆ.

“ತುರಿಕೆ ನಿಂತಿಲ್ಲ.”

“ಡಾಕ್ಟರಮ್ಮ ಹೇಳಿದ್ರಲ್ಲ ಸರ್,” ಎಂದಳು ಗುಮಾನಿಯಕ್ಕ, “ಇನ್ನೂ ಒಂದು ವಾರ—”

“ಹುಳ ಅಂತಾನೂ ಹೇಳಿದಾರೆ. ಆಯ್ತು, ಸೋಪಲ್ಲ, ಒಪ್ಪಿದೆ. ಆದ್ರೆ ಹುಳ ಹೊರಗಿಂದ ಬರಬೇಕಲ್ಲ? ದಿನಾ ಹೊರಗಿಂದ ಬರೋರು ಯಾರು? ಎಲ್ಲರ ಬಟ್ಟೆ ಮುಟ್ಟೋರು ಯಾರು?”

ಸೋಪು ತಪ್ಪಿಸಿಕೊಂಡಿತ್ತು, ಈಗ ಅವಳ ಮನೆಯೇ ಕಟಕಟೆ ಹತ್ತಿತ್ತು. ಆಯಾ ನೆಲ ನೋಡಿದಳು. ಕುರ್ಚಿಗಳು ಮೆಲ್ಲನೆ ಒಂದು ಗೇಣು ದೂರ ಸರಿದವು. ಗುಮಾನಿಯಕ್ಕನ ನಾಲಿಗೆ ತುದಿಯಲ್ಲೇ ಹನ್ನೊಂದು ಎಂಬ ಸಂಖ್ಯೆ ಇತ್ತು. ಅಂಗಳಕ್ಕೆ ತೆರೆದ ಹನ್ನೊಂದನೇ ಕೋಣೆಯ ಕಿಟಕಿ ಅರ್ಧ ತೆರೆದಿತ್ತು. ಒಳಗಿನಿಂದ ಉಸಿರಿಲ್ಲ. ಕೇಳಿಯೂ ಸುಮ್ಮನಿದಾರೆ, ಇಂಥವರಿಗಾಗಿ ನಾನು ಬಾಯಿಗೆ ಬೀಗ ಹಾಕ್ಕೊಂಡೆ, ಎಂದುಕೊಂಡಳು. ಜೀವನದಲ್ಲಿ ಒಂದೇ ಒಂದು ಸಲ ಅನುಮಾನ ಪಡದೆ ಮಾತು ಕೊಟ್ಟಿದ್ದಕ್ಕೆ ಇದು ಸಿಕ್ಕ ಬಹುಮಾನ.

“ನಾಳೆಯಿಂದ ಲಾಂಡ್ರಿಯವರು—” ಎಂದು ಮ್ಯಾನೇಜರ್ ಶುರು ಮಾಡಿದರು.

ಕಿಟಕಿಯ ಇನ್ನರ್ಧವೂ ತೆರೆಯಿತು. ಕಂಬಿಗಳ ನಡುವಿನಿಂದ ಎರಡು ಕೈಗಳು ಹೊರಬಂದವು. ಕೈಗವಸು ಇರಲಿಲ್ಲ. ಚರ್ಮ ಇನ್ನೂ ಕೆಂಪಗೆ, ಹೊಸದಾಗಿ ಸುಲಿದಂತಿತ್ತು. ಉಗುರುಗಳ ಬುಡದಲ್ಲಿ ಹಕ್ಕಳೆ ಇನ್ನೂ ಅಂಟಿಕೊಂಡಿತ್ತು.

“ದೂರದಿಂದಲೇ ನೋಡಿ, ಹತ್ತಿರ ಬರಬೇಡಿ,” ಎಂದರು ಇನ್‌ಸ್ಪೆಕ್ಟರ್ ತಾತ. ದನಿ ಅಂಗಡಿಗೆ ಬೀಗ ಹಾಕಿಸುವಾಗಿನ ದನಿಯೇ. “ಹುಳ ಬೆಳೆದದ್ದು ಇಲ್ಲಿ. ಐದು ತಿಂಗಳಿಂದ. ದಿನಾ ಬೆಳಿಗ್ಗೆ ನಿಮ್ಮೆಲ್ಲರ ಕೈ ಹಿಡಿದು ಹಂಚಿದ್ದು ನಾನು. ಆ ಅಮ್ಮ ಕೊಡವಿ ನೋಡದೇ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಹೊದಿಕೆ ಒಗೆಯೋ ಅಗತ್ಯಾನೇ ಇರ್ತಿರಲಿಲ್ಲ. ಮ್ಯಾನೇಜರೇ, ಬರ್ಕೊಳ್ಳಿ.”

ಮ್ಯಾನೇಜರ್ ಜೇಬು ತಡಕಿದರು. ಪೆನ್ನು ಸಿಗಲಿಲ್ಲ.

“ಸರ್, ನನ್ನ ಹತ್ರ ಇದೆ,” ಎಂದಳು ಗುಮಾನಿಯಕ್ಕ.

ಲಾಂಡ್ರಿಯವರು ಬರಲಿಲ್ಲ. ಶುಚಿತ್ವ ಸಮಿತಿಯ ಬೆಳಗಿನ ಪರೀಕ್ಷೆ ನಿಂತುಹೋಯಿತು. ‘ತುರಿಕೆ ಪಟ್ಟಿ’ಯ ಹಿಂಬದಿಯಲ್ಲಿ ಅಡುಗೆಯಣ್ಣ ತರಕಾರಿ ಬರೆದುಕೊಂಡ. ತಾತ ಅಂಗಳಕ್ಕೆ ಬಂದ ಮೊದಲ ದಿನ ಅಜ್ಜಿಯೊಬ್ಬರು ತಾವಾಗಿ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು, “ಲಕ್ಷಾಧಿಪತಿಗಳು ಬಂದ್ರು,” ಎಂದರು. ಗುಟ್ಟು ಹೊರಹೋದದ್ದು ಹೇಗೆಂದು ತಾತ ಕೇಳಲಿಲ್ಲ. ಲಕ್ಷದ ಲೆಕ್ಕವನ್ನು ಆಮೇಲೆ ಕಿಟಕಿಯಿಂದಲೇ ಎಲ್ಲರಿಗೂ ಹೇಳಿಕೊಂಡವರು ತಾವೇ ಆಗಿದ್ದರು.

ಅದಾಗಿ ಒಂದು ವಾರಕ್ಕೆ ಹನ್ನೊಂದನೇ ಕೋಣೆಯ ಗಂಟನ್ನು ಗುಮಾನಿಯಕ್ಕ ಕಪ್ಪು ಬಟ್ಟೆಯ ಮೇಲೆ ಕೊಡವಿದಳು. ಹೊಟ್ಟು ಉದುರಲಿಲ್ಲ. ಬದಲಿಗೆ ದಿಂಬಿನ ಚೀಲದಿಂದ ಭಾರವಾದದ್ದೇನೋ ಧಪ್ಪೆಂದು ಬಿತ್ತು: ಹಿತ್ತಾಳೆ ಹಿಡಿಯ ಭೂತಗನ್ನಡಿ. ತೂಕದ ಕಲ್ಲಿನ ಮುದ್ರೆ ಓದಲು ತಾತ ಮೂವತ್ತೆರಡು ವರ್ಷ ಬಳಸಿದ್ದು.

ಆಕೆ ಅದನ್ನು ಮುಟ್ಟದೆ ಎರಡು ಹೆಜ್ಜೆ ಹಿಂದೆ ಸರಿದು ಅಡುಗೆಯಣ್ಣನನ್ನು ಕೂಗಿದಳು. ಇಬ್ಬರೂ ಕಾಗದದಲ್ಲಿ ಸುತ್ತಿ ಹನ್ನೊಂದನೇ ಕೋಣೆಗೆ ಹೋದರು.

“ನಿಮ್ಮ ವಸ್ತು. ನಿಮ್ಮ ಬಟ್ಟೆ ಗಂಟಲ್ಲಿತ್ತು. ನಾನು ತೆಗೀಲಿಲ್ಲ, ಈತ ಸಾಕ್ಷಿ.”

“ಕಳೆದದ್ದಲ್ಲಮ್ಮ, ಕೊಟ್ಟದ್ದು. ನಿನಗೇ ಇಟ್ಟಿದ್ದು. ನನಗಿಂತ ನಿನಗೆ ಉಪಯೋಗ ಆಗತ್ತೆ.”

ಗುಮಾನಿಯಕ್ಕ ತಾತನ ಮುಖ ನೋಡಿದಳು. ಭೂತಗನ್ನಡಿ ನೋಡಿದಳು. ಮತ್ತೆ ಮುಖ ನೋಡಿದಳು.

“ಬರೆದು ಕೊಡಿ,” ಎಂದಳು.

ತಾತ ನಗಲಿಲ್ಲ. ಕಾಗದ ತೆಗೆದು, ವಸ್ತುವಿನ ವಿವರ, ತಾರೀಖು, ಸ್ವಂತ ಇಚ್ಛೆಯಿಂದ ಕೊಟ್ಟದ್ದು ಎಂಬ ಮಾತು ಎಲ್ಲ ಬರೆದು, ಕೆಳಗೆ ಉದ್ದನೆಯ ಸಹಿ ಹಾಕಿ, ಅಡುಗೆಯಣ್ಣನಿಂದಲೂ ಸಾಕ್ಷಿ ಹಾಕಿಸಿ ಕೊಟ್ಟರು. ಗುಮಾನಿಯಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತನ್ನದಾದ ಭೂತಗನ್ನಡಿಯನ್ನು ಅದರ ಮೇಲೆ ತಂದು, ಮೊಟ್ಟಮೊದಲಿಗೆ ಆ ಸಹಿಯನ್ನೇ ಪರೀಕ್ಷಿಸಿದಳು.

“ಇರಬಹುದು,” ಎಂದಳು.